ಕಲೆಸಿದ ಎಲೆ, ಮುಚ್ಚಿದ ಲಕೋಟೆ

ವೇದಿಕೆಯ ಒಂದು ಬದಿಗೆ ಲಕೋಟೆಯೊಂದನ್ನು ದಾರದಲ್ಲಿ ತೂಗಿಬಿಟ್ಟಿರುತ್ತಾರೆ. ಸಭೆಯಿಂದ ಬಂದವರೊಬ್ಬರು ಇಸ್ಪೀಟು ಕಟ್ಟನ್ನು ಕಲೆಸಿ ಒಂದು ಎಲೆ ಆರಿಸುತ್ತಾರೆ. ಲಕೋಟೆ ಹರಿದು ನೋಡಿದರೆ ಒಳಗಿನ ಚೀಟಿಯಲ್ಲಿ ಅದೇ ಎಲೆಯ ಹೆಸರು. ಜಾದೂಗಾರರ ಬಾಯಲ್ಲಿ ಇದು ‘ಪ್ರೆಡಿಕ್ಷನ್’. ಹೆಸರೇನೋ ಭವಿಷ್ಯದ್ದು, ಆದರೆ ಆಟದಲ್ಲಿ ಭವಿಷ್ಯ ಎಲ್ಲೂ ಇಲ್ಲ. ಆರಿಸುವವರ ಕೈಯನ್ನು ನಾವೇ ನಡೆಸಿರಬೇಕು, ಇಲ್ಲವೆ ಚೀಟಿಯನ್ನು ಆಮೇಲೆ ಬರೆದಿರಬೇಕು. ಎರಡೂ ಅಲ್ಲವೆಂದರೆ, ಯಾರು ಏನೇ ಆರಿಸಿದರೂ ಒಂದೇ ಉತ್ತರ ಬರುವಂಥ ಲೆಕ್ಕ ಹೂಡಿರಬೇಕು.

ಕೆರಗೋಡಿನಂಥ ಊರಿನಲ್ಲಿ ಎಲೆ

ಈ ಆಟ ತೋರಿಸಲು ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರ ಕೆರಗೋಡಿನಂಥ ಊರನ್ನೇ ತೆಗೆದುಕೊಳ್ಳಿ. ಈ ಸೀಮೆಯಲ್ಲಿ ಇಸ್ಪೀಟನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಿಲ್ಲ. ಯುಗಾದಿ ಬಂತೆಂದರೆ ಜಗಲಿಯಲ್ಲಿ, ಮರದ ನೆರಳಲ್ಲಿ ಅಂದರ್ ಬಾಹರ್ ಜೂಜು ಶುರುವಾಗುತ್ತದೆ. ಪೊಲೀಸರ ಎಚ್ಚರಿಕೆಯೂ ಹಬ್ಬದ ಜೊತೆಗೇ ಬರುತ್ತದೆ. ಆಟೀನು, ಡೈಮನ್, ಕಳಾವರು, ಇಸ್ಪೀಟು, ಆಸು, ಗುಲಾಮ ಎಂದರೆ ಹುಡುಗರಿಗೂ ಗೊತ್ತು. ಎಲೆಯಾಟದ ನೆನಪು ಇಲ್ಲಿ ಇನ್ನೂ ಹಿಂದಕ್ಕೆ ಹೋಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ರೂಪಿಸಿದ ಚದ ಗಂಜೀಫಾ ಆಟಗಳನ್ನು ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಬರೆಸಿಟ್ಟರು. ಆ ಎಲೆಗಳ ಚಿತ್ರಕಲೆಗೆ ನಮ್ಮ ಕಾಲದಲ್ಲಿ ಮರುಜೀವ ಕೊಟ್ಟ ರಘುಪತಿ ಭಟ್ಟರು ನೆಲೆಸಿ ಕೆಲಸ ಮಾಡಿದ್ದು ಇದೇ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ.

ಎಲೆ ಗೊತ್ತಿರುವ ಜನ ಜಾದೂಗಾರನಿಗೆ ವರವೂ ಹೌದು, ಫಜೀತಿಯೂ ಹೌದು. ಆಸಿನ ಬೆಲೆ ವಿವರಿಸುವ ಗೋಜಿಲ್ಲ, ಸರಿ. ಆದರೆ ಎಲೆ ಹಂಚುವ ಕೈಯನ್ನೇ ನೋಡಿ ನೋಡಿ ಪಳಗಿದ ಕಣ್ಣುಗಳು ಮುಂದಿನ ಸಾಲಿನಲ್ಲಿ ಕೂತಿರುತ್ತವೆ. ಜೂಜಿನಲ್ಲಿ ದುಡ್ಡು ಕಳೆದುಕೊಂಡವನಷ್ಟು ಅನುಮಾನದ ಪ್ರೇಕ್ಷಕ ಇನ್ನೊಬ್ಬನಿಲ್ಲ. ಇಂಥ ಕಡೆ ಕೈಚಳಕ ಮೆರೆಸುವುದಕ್ಕಿಂತ ಕೈಯನ್ನು ಎಲೆಯಿಂದ ದೂರ ಇಡುವುದೇ ಜಾಣತನ ಎನ್ನುವುದು ನನ್ನ ಅಭಿಪ್ರಾಯ.

ಕೊನೆಯ ಸಾಲಿಗೆ ಕಾಣಬೇಕು

ಸಾಮಾನ್ಯ ಇಸ್ಪೀಟು ಎಲೆಯ ಉದ್ದ ಮೂರೂವರೆ ಇಂಚು. ಅಗಲ ಎರಡೂವರೆ, ಕೆಲವುಗಳದು ಇನ್ನೂ ಕಡಿಮೆ. ಕುರುಕ್ಷೇತ್ರ ನಾಟಕಕ್ಕೆ ಸೀನರಿ ಕಟ್ಟುವಂಥ ರಂಗದ ಮೇಲೆ ಇದನ್ನು ಎತ್ತಿ ಹಿಡಿದರೆ ಐದನೆಯ ಸಾಲಿನಾಚೆಗೆ ಬರೀ ಬಿಳಿ ಚುಕ್ಕೆ. ಭೀಮನ ಗದೆ ದೂರಕ್ಕೆ ಕಾಣುತ್ತದೆ, ಕಳಾವರಿನ ಏಳು ಕಾಣುವುದಿಲ್ಲ. ಅದಕ್ಕೇ ದೊಡ್ಡ ಸಭೆಗೆ ಪುಸ್ತಕದಗಲದ ಜಂಬೋ ಎಲೆಗಳನ್ನು ತರುತ್ತಾರೆ. ಅದಿಲ್ಲದಿದ್ದರೆ ಆರಿಸಿದವರ ಕೈಗೇ ಮೈಕು ಕೊಟ್ಟು ಎಲೆಯ ಹೆಸರನ್ನು ಕೂಗಿ ಹೇಳಿಸಬೇಕು. ಚೀಟಿಯನ್ನೂ ಜಾದೂಗಾರ ಓದಬಾರದು. ಊರಿಗೆಲ್ಲ ಗೊತ್ತಿರುವ ಮೇಷ್ಟ್ರು ಓದಿದರೆ ಅದರ ತೂಕವೇ ಬೇರೆ.

ಕೈ ಅವರದು, ಆಯ್ಕೆ ನಮ್ಮದು

ಬೇಕಾದ ಎಲೆಯನ್ನೇ ಪ್ರೇಕ್ಷಕರು ಆರಿಸುವಂತೆ ಮಾಡುವ ಉಪಾಯಕ್ಕೆ ‘ಫೋರ್ಸ್’ ಎನ್ನುತ್ತಾರೆ. ಇದರಲ್ಲಿ ಅತ್ಯಂತ ಸರಳವಾದದ್ದು ಜಾದೂವಿನ ಬಹುತೇಕ ಪ್ರಾಥಮಿಕ ಪುಸ್ತಕಗಳಲ್ಲಿ ಇದೆ. ಬೇಕಾದ ಎಲೆಯನ್ನು ಕಟ್ಟಿನ ಮೇಲ್ತುದಿಯಲ್ಲಿ ಇಟ್ಟಿರುತ್ತಾರೆ. ಬಂದವರು ಮೇಲಿನ ಅರ್ಧ ಎತ್ತಿ ಪಕ್ಕಕ್ಕಿಡುತ್ತಾರೆ. ಕೆಳಗಿನ ಅರ್ಧವನ್ನು ಜಾದೂಗಾರ ಅದರ ಮೇಲೆ ಅಡ್ಡವಾಗಿ ಇಟ್ಟು, ಕತ್ತರಿಸಿದ ಜಾಗದ ಗುರುತಿಗೆ ಎನ್ನುತ್ತಾನೆ. ಆಮೇಲೆ ಅರ್ಧ ನಿಮಿಷ ಮಾತು: ಯಾವೂರು, ಈ ಸಲ ಕಬ್ಬು ಹೇಗೆ, ಕಾರ್ಖಾನೆಯವರು ದುಡ್ಡು ಕೊಟ್ಟರಾ. ಅಷ್ಟರಲ್ಲಿ ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಎಂಬುದು ಮರೆತುಹೋಗಿರುತ್ತದೆ. ಅಡ್ಡ ಎಲೆಗಳನ್ನು ಎತ್ತಿ “ನೀವು ಕತ್ತರಿಸಿದ ಜಾಗದ ಎಲೆ ನೋಡಿ” ಎಂದರೆ ಅವರು ನೋಡುವುದು ಮೊದಲೇ ಮೇಲಿದ್ದ ಎಲೆಯನ್ನು. ಇಲ್ಲಿ ಬೆರಳಿಗೆ ಕೆಲಸವಿಲ್ಲ, ಎಲ್ಲ ನಡೆಯುವುದು ಆ ಅರ್ಧ ನಿಮಿಷದ ಹರಟೆಯಲ್ಲಿ.

ಇನ್ನೊಂದು ದಾರಿ ಚೀಟಿಯನ್ನು ತಡವಾಗಿ ಬರೆಯುವುದು. ಹೆಬ್ಬೆರಳಿನ ಉಗುರಿಗೆ ಸೀಸದ ಸಣ್ಣ ಮೊನೆ ಅಂಟಿಸಿಕೊಂಡು, ಎಲೆಯ ಹೆಸರು ಕೇಳಿದ ಮೇಲೆ ಚೀಟಿಯಲ್ಲಿ ಬಿಟ್ಟಿದ್ದ ಖಾಲಿ ಜಾಗ ತುಂಬುತ್ತಾರೆ. ಪಶ್ಚಿಮದ ಜಾದೂಗಾರರು ಈ ಉಪಕರಣಕ್ಕೆ ಇಟ್ಟ ಹೆಸರು ‘ಸ್ವಾಮಿ ಗಿಮಿಕ್’. ನಮ್ಮ ಸ್ವಾಮಿಗಳ ಕೀರ್ತಿ ಎಲ್ಲಿಯವರೆಗೆ ಹೋಗಿದೆ ನೋಡಿ!

ಮುಟ್ಟದೆ ಗೆಲ್ಲುವ ಲೆಕ್ಕ

ಮೂರನೆಯ ದಾರಿಯೇ ನನಗೆ ಅಚ್ಚುಮೆಚ್ಚು. ಥಿಯೊಡೋರ್ ಅನ್ನೆಮನ್ ಅಮೆರಿಕದಲ್ಲಿ 1934ರಿಂದ ‘ದಿ ಜಿಂಕ್ಸ್’ ಎಂಬ ಜಾದೂ ಪತ್ರಿಕೆ ನಡೆಸುತ್ತಿದ್ದರು. ಕೆನಡಾದ ಸ್ಟೂವರ್ಟ್ ಜೇಮ್ಸ್ 1936ರಲ್ಲಿ ಅದರಲ್ಲಿ ‘ಮಿರಾಸ್ಕಿಲ್’ ಎಂಬ ಆಟ ಪ್ರಕಟಿಸಿದರು. ಆಟ ಹೀಗಿದೆ. ಸಭೆಯವರು ಎಲೆಗಳನ್ನು ಮನಸೋಇಚ್ಛೆ ಕಲೆಸಿ, ಮೇಲಿನಿಂದ ಎರಡೆರಡಾಗಿ ತಿರುಗಿಸುತ್ತಾ ಹೋಗುತ್ತಾರೆ. ಎರಡೂ ಕೆಂಪಾದರೆ ಒಂದು ಗುಡ್ಡೆಗೆ, ಎರಡೂ ಕಪ್ಪಾದರೆ ಇನ್ನೊಂದಕ್ಕೆ, ಒಂದು ಕೆಂಪು ಒಂದು ಕಪ್ಪಾದರೆ ಪಕ್ಕಕ್ಕೆ. ಕೊನೆಗೆ ಎಣಿಸಿ ಲಕೋಟೆ ತೆರೆದರೆ, “ಕಪ್ಪಿನ ಗುಡ್ಡೆಗಿಂತ ಕೆಂಪಿನ ಗುಡ್ಡೆಯಲ್ಲಿ ನಾಲ್ಕು ಎಲೆ ಹೆಚ್ಚು” ಎಂದು ಬರೆದಿರುತ್ತದೆ. ಎಣಿಕೆಯೂ ಹಾಗೇ ಬಂದಿರುತ್ತದೆ.

ಗುಟ್ಟು ಹೇಳಿದರೆ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗದು, ಗಣಿತದ ಪುಸ್ತಕಗಳಲ್ಲೂ ಇದು ಬಂದಿದೆ. ಪೂರ್ತಿ ಕಟ್ಟಿನಲ್ಲಿ 26 ಕೆಂಪು, 26 ಕಪ್ಪು. ಮಿಶ್ರ ಜೋಡಿ ಪಕ್ಕಕ್ಕೆ ಹೋದಾಗಲೆಲ್ಲ ಎರಡೂ ಬಣ್ಣದಲ್ಲಿ ಒಂದೊಂದು ಎಲೆ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲು ಎಷ್ಟು ಅಂತರವಿತ್ತೋ ಕೊನೆಗೂ ಅಷ್ಟೇ. ಆಟಕ್ಕೆ ಮುಂಚೆ ನಾಲ್ಕು ಕಪ್ಪು ಎಲೆ ಜೇಬಿಗೆ ಸೇರಿಸಿದ್ದರೆ 26ಕ್ಕೆ 22, ಅಂತರ ನಾಲ್ಕು. 12 ಮಿಶ್ರ ಜೋಡಿ ಬಂತೆನ್ನಿ: ಕೆಂಪಿನಲ್ಲಿ ಉಳಿಯುವುದು 14 ಎಲೆ, ಕಪ್ಪಿನಲ್ಲಿ 10. ಮಿಶ್ರ ಜೋಡಿ 16 ಬಂದರೆ ಹತ್ತಕ್ಕೆ ಆರು. 52 ಎಲೆಗಳನ್ನು ಜೋಡಿಸಬಹುದಾದ ಬಗೆಗಳ ಸಂಖ್ಯೆ 8ರ ಮುಂದೆ 67 ಸೊನ್ನೆ ಇಟ್ಟಷ್ಟು. ನಾಲ್ಕು ಕಳೆದ ಮೇಲೂ ಬಗೆಗಳಿಗೆ ಬರವಿಲ್ಲ, ಆದರೆ ಯಾವ ಬಗೆ ಬಂದರೂ ಅಂತರ ಕದಲುವುದಿಲ್ಲ.

ಮಿರಾಸ್ಕಿಲ್‌ಗೆ ಎರಡನೆಯ ಸುತ್ತೂ ಉಂಟು. ಚದುರಿದ ಎಲೆ ಒಟ್ಟುಮಾಡುವ ನೆಪದಲ್ಲಿ ಜೇಬಿನ ನಾಲ್ಕನ್ನೂ ಸೇರಿಸಿಬಿಟ್ಟು, ಈ ಸಲ “ಎರಡೂ ಗುಡ್ಡೆ ಸಮ” ಎಂಬ ಚೀಟಿ ಇಡುವುದು. ಒಂದೇ ಆಟವನ್ನು ಮತ್ತೆ ಮಾಡಬಾರದು ಎಂಬುದು ಜಾದೂಗಾರರ ಹಳೆಯ ಕಟ್ಟಳೆ. ಇಲ್ಲಿ ಮಾತ್ರ ಎರಡನೆಯ ಸಲವೇ ಅನುಮಾನದ ಕಣ್ಣುಗಳನ್ನು ಸೋಲಿಸುತ್ತದೆ. ರಂಗಕ್ಕೆ ಒಂದೇ ತೊಡಕು: 24 ಜೋಡಿ ತಿರುಗಿಸುವಷ್ಟು ಹೊತ್ತು ಸಭೆಯನ್ನು ಹಿಡಿದಿಡಬೇಕು. ಊರಿನ ಎರಡು ಕೇರಿಯವರನ್ನು ಕರೆದು ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ಕಪ್ಪು ಕೊಟ್ಟುಬಿಟ್ಟರೆ ಸಭೆಯೇ ಕೂಗಿ ಎಣಿಸುತ್ತದೆ.

ಶಾಸ್ತ್ರ ಕೇಳುವವರ ಮುಂದೆ

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿ ಮಾಡಿದಾಗ ನಾಡಿನಲ್ಲಿ ದೊಡ್ಡ ವಾದವೇ ಎದ್ದಿತು. ಮುಂದೆ ಹುಲಿಕಲ್ ನಟರಾಜ್ ಅಂಥವರು ಪವಾಡಗಳನ್ನು ವೇದಿಕೆಯಲ್ಲೇ ಮಾಡಿ ತೋರಿಸಿ ಗುಟ್ಟು ಬಿಚ್ಚುತ್ತಾ ಊರೂರು ಸುತ್ತಿದರು. ಜಾದೂಗಾರನ ಜಾಗ ಇವರ ಪಕ್ಕದ್ದೇ, ಆದರೆ ಗುಟ್ಟು ಬಿಚ್ಚಿದರೆ ಅವನ ಅನ್ನ ಹೋಗುತ್ತದೆ. ಹೇಗೆ ಮಾಡಿದೆ ಎಂದು ಹೇಳದಿರಲಿ, ಇದು ಆಟ ಎಂದಾದರೂ ಹೇಳಲೇಬೇಕು. ಹೆಣ್ಣು ಗೊತ್ತುಮಾಡುವುದಕ್ಕೂ ಕೊಳವೆಬಾವಿ ಕೊರೆಸುವುದಕ್ಕೂ ಶಾಸ್ತ್ರ ಕೇಳುವ ಕಡೆ ಲಕೋಟೆಯ ಚೀಟಿ ನಿಜವಾದರೆ, ಆಟ ಮುಗಿದ ಮೇಲೆ ಕೈ ಚಾಚಿಕೊಂಡು ಬರುವವರೂ ಇರುತ್ತಾರೆ. ಯುಗಾದಿ ಹತ್ತಿರವಿದ್ದರೆ ಪ್ರಶ್ನೆ ಇನ್ನೂ ನೇರ: “ಅಣ್ಣ, ಅಂದರಾ ಬಾಹರಾ?” ಮಿರಾಸ್ಕಿಲ್ ಮಾಡಿದವನಿಗೆ ಗೊತ್ತಿರುವುದು ಅಂತರವೊಂದೇ. ಮುಂದಿನ ಎಲೆ ಯಾವುದೆಂಬುದು ಕೇಳಿದವನಿಗೆ ಗೊತ್ತಿರುವಷ್ಟೇ ಅವನಿಗೂ ಗೊತ್ತು.