ಎಲ್ವುಡ್ ಮೀಡ್ ಮತ್ತು ಹೊಳೆಯ ನೀರಿನ ದಾಖಲೆ

ನೀರಾವರಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅಣೆಕಟ್ಟುಗಳನ್ನು ಕುರಿತು ಬರೆಯುತ್ತಾರೆ; ದಫ್ತರಗಳನ್ನು ಕುರಿತು ಬರೆಯುವವರು ವಿರಳ. ಇದು ಸ್ವಾಭಾವಿಕವೇ. ಅಣೆಕಟ್ಟು ಕಣ್ಣಿಗೆ ಬೀಳುತ್ತದೆ, ದಾಖಲೆಯ ಪುಸ್ತಕ ಬೀಳುವುದಿಲ್ಲ. ಆದರೂ ಹೊಳೆಯಲ್ಲಿ ಹರಿಯುವ ನೀರು ಯಾರಿಗೆ, ಎಷ್ಟು, ಯಾವ ಕ್ರಮದಲ್ಲಿ ಸಲ್ಲತಕ್ಕದ್ದೆಂಬುದು ಬಹುಮಟ್ಟಿಗೆ ಆ ಪುಸ್ತಕದಲ್ಲಿಯೇ ತೀರ್ಮಾನವಾಗುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ವಯೋಮಿಂಗಿನ ಮೊದಲನೆಯ ಸಂಸ್ಥಾನ ಇಂಜಿನಿಯರಾಗಿದ್ದ ಎಲ್ವುಡ್ ಮೀಡನ (1858-1936) ಹೆಸರು ಇಂದು ಲೋಕಕ್ಕೆ ಪರಿಚಿತವಾಗಿರುವುದು ಹೂವರ್ ಅಣೆಕಟ್ಟಿನ ಹಿಂದೆ ನಿಂತಿರುವ ಮೀಡ್ ಸರೋವರದ ಮೂಲಕ. ಆತನ ವೃತ್ತಿಜೀವನದ ಮುಖ್ಯ ಕೃತಿ ಮಾತ್ರ, ನಮ್ಮ ಅಭಿಪ್ರಾಯದಲ್ಲಿ, ಅದಕ್ಕೆ ನಾಲ್ಕು ದಶಕಗಳ ಹಿಂದೆ ಆತನು ಏರ್ಪಡಿಸಿದ ನೀರಿನ ದಾಖಲೆಯ ಪದ್ಧತಿ. ಆ ದಾಖಲೆ ಏನನ್ನು ಸಾಧಿಸಿತು, ಯಾರನ್ನು ಹೊರಗಿಟ್ಟಿತು ಎಂಬುದೇ ಪ್ರಕೃತ ಲೇಖನದ ವಿಚಾರ.

ಮೀಡನು ಇಂಡಿಯಾನ ಸಂಸ್ಥಾನದ ಪೇಟ್ರಿಯಟ್ ಎಂಬ ಊರಿನ ಬಳಿ, ಒಹಾಯೋ ನದಿಯ ಸಮೀಪದಲ್ಲಿ ಹುಟ್ಟಿದನು. ಮಳೆಗೆ ಕೊರತೆಯಿಲ್ಲದ ಸೀಮೆ ಅದು. ನೀರು ಹಾಯಿಸಿ ಬೆಳೆ ತೆಗೆಯುವುದೆಂದರೇನೆಂದು ಆತನಿಗೆ ತಿಳಿದುದು ಪರ್ಡ್ಯೂ ವಿಶ್ವವಿದ್ಯಾನಿಲಯದಿಂದ 1882ರಲ್ಲಿ ಪದವಿ ಪಡೆದು ಕೊಲೊರಾಡೊ ಕೃಷಿ ಕಾಲೇಜಿಗೆ ಅಧ್ಯಾಪಕನಾಗಿ ಹೋದ ಮೇಲೆ. ಬೇಸಗೆಯ ರಜೆಗಳಲ್ಲಿ ಆತನು ಆ ಸಂಸ್ಥಾನದ ಇಂಜಿನಿಯರಿಗೆ ಸಹಾಯಕನಾಗಿ ಕಾಲುವೆಗಳ ನೀರನ್ನು ಅಳೆಯುವ ಕೆಲಸ ಮಾಡಿದನು. ನ್ಯಾಯಸ್ಥಾನದ ತೀರ್ಪಿನಲ್ಲಿ ಬರೆದಿದ್ದ ಪ್ರಮಾಣಕ್ಕೂ ಕಾಲುವೆಯಲ್ಲಿ ಹರಿಯುತ್ತಿದ್ದ ಪ್ರಮಾಣಕ್ಕೂ ಸಂಬಂಧವೇ ಇಲ್ಲದಿದ್ದುದನ್ನು ಆತನು ಕಣ್ಣಾರೆ ಕಂಡುದು ಆಗಲೇ.

1888ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಮೀಡನು ವಯೋಮಿಂಗಿನ ಇಂಜಿನಿಯರಾಗಿ ನೇಮಕಗೊಂಡನು. ವಯೋಮಿಂಗ್ ಇನ್ನೂ ಸಂಸ್ಥಾನವಾಗಿರಲಿಲ್ಲ. ಕೇಂದ್ರ ಸರ್ಕಾರದ ಅಧೀನದಲ್ಲಿದ್ದ ಪ್ರಾಂತ್ಯವಾಗಿತ್ತು. ಮಳೆ ಅಲ್ಪ. ಬೆಟ್ಟಗಳ ಹಿಮ ಕರಗಿ ಬರುವ ನೀರೇ ಬೇಸಾಯಕ್ಕೆ ಆಧಾರ. ಬೇಸಗೆಯ ಕೊನೆಗೆ ಅದೂ ಕುಗ್ಗಿಹೋಗುತ್ತದೆ. ಕ್ಯಾಲಿಫೋರ್ನಿಯದ ಚಿನ್ನದ ಗಣಿಗಾರರಿಂದ ಬಂದ ಒಂದು ವಾಡಿಕೆ ಪಶ್ಚಿಮದ ಪ್ರಾಂತ್ಯಗಳಲ್ಲೆಲ್ಲ ಹಬ್ಬಿತ್ತು. ಯಾವನು ಮೊದಲು ನೀರನ್ನು ತಿರುಗಿಸಿಕೊಂಡನೋ ಅವನಿಗೆ ಮೊದಲ ಹಕ್ಕು; ಬರಗಾಲದಲ್ಲಿ ಕೊನೆಗೆ ಬಂದವನ ತೂಬು ಮೊದಲು ಮುಚ್ಚತಕ್ಕದ್ದು. ನಿಯಮವೇನೋ ಸ್ಪಷ್ಟವಾಗಿಯೇ ಇದೆ. ಆದರೆ ಮೊದಲು ಬಂದವನಾರು, ಆತನು ತಿರುಗಿಸಿಕೊಂಡುದು ಎಷ್ಟು ಎಂಬುದನ್ನು ನಿರ್ಧರಿಸುವವರು ಯಾರೂ ಇರಲಿಲ್ಲ. ಇಷ್ಟು ನೀರು ನನ್ನದೆಂದು ಒಂದು ಹೇಳಿಕೆ ಬರೆದು ಕೌಂಟಿಯ ಗುಮಾಸ್ತನಲ್ಲಿ ದಾಖಲು ಮಾಡಿದರೆ ಸಾಕಾಗಿತ್ತು. ಎಷ್ಟು ಬರೆದರೂ ಕೇಳುವವರಿಲ್ಲವಾದುದರಿಂದ ಒಂದೊಂದು ಹೊಳೆಯ ಮೇಲೂ ಆ ಹೊಳೆ ಎಂದೂ ಹರಿಸದಷ್ಟು ನೀರಿಗೆ ಹಕ್ಕುದಾರರಿದ್ದರು. ವ್ಯಾಜ್ಯ ಬಂದಾಗ, ಹೊಳೆಯನ್ನು ನೋಡದ ನ್ಯಾಯಾಧೀಶನು ವಾದಿ ಪ್ರತಿವಾದಿಗಳು ಹೇಳಿದ ಅಂಕಿಗಳನ್ನು ನಂಬಿ ತೀರ್ಪು ಕೊಡುತ್ತಿದ್ದನು. ಇಂಥ ಹಕ್ಕನ್ನು ನಾವು ಕಾಗದದ ನೀರು ಎಂದು ಕರೆಯಬಹುದು. ಮೀಡನ ಜೀವಮಾನದ ಹೋರಾಟ ಅದರ ಮೇಲೆ.

ಸಂಸ್ಥಾನ ಪದವಿಯನ್ನು ಪಡೆಯುವ ಉದ್ದೇಶದಿಂದ ವಯೋಮಿಂಗಿನ ಪ್ರತಿನಿಧಿಗಳು 1889ರ ಸೆಪ್ಟೆಂಬರಿನಲ್ಲಿ ಶಯೆನ್ ನಗರದಲ್ಲಿ ಸೇರಿ ರಾಜ್ಯಾಂಗವನ್ನು ರಚಿಸಿದರು. ಅದರ ಎಂಟನೆಯ ಪ್ರಕರಣ ಬಹುಮಟ್ಟಿಗೆ ಮೀಡನ ವಿಚಾರಗಳಿಂದ ರೂಪುಗೊಂಡುದು. ಸಂಸ್ಥಾನದ ಎಲ್ಲೆಯೊಳಗಿನ ಸಮಸ್ತ ಹೊಳೆ, ಬುಗ್ಗೆ, ಸರೋವರಗಳ ನೀರು ಸಂಸ್ಥಾನದ ಸ್ವತ್ತು ಎಂದು ಅದರ ಮೊದಲ ವಾಕ್ಯವೇ ಸಾರುತ್ತದೆ. ಸಂಸ್ಥಾನ ಇಂಜಿನಿಯರು ಹಾಗೂ ನಾಲ್ಕು ಜಲವಿಭಾಗಗಳ ಮೇಲ್ವಿಚಾರಕರು ಸೇರಿದ ಒಂದು ನಿಯಂತ್ರಣ ಮಂಡಲಿಗೆ ನೀರಿನ ಹಂಚಿಕೆಯನ್ನು ಒಪ್ಪಿಸಲಾಯಿತು. ಮೊದಲು ಬಳಸಿದವನ ಹಕ್ಕು ಮೇಲಾದುದೆಂಬ ವಾಡಿಕೆ ಉಳಿಯಿತು. ಆದರೆ ಸಾರ್ವಜನಿಕ ಹಿತಕ್ಕೆ ವಿರುದ್ಧವಾದರೆ ಹೊಸ ಹಕ್ಕನ್ನು ನಿರಾಕರಿಸಬಹುದೆಂಬ ಮಾತೂ ಅದರೊಡನೆ ಸೇರಿತು. 1890ರ ಜುಲೈ 10ರಂದು ವಯೋಮಿಂಗ್ ಸಂಸ್ಥಾನವಾಯಿತು; ಅದೇ ವರ್ಷ ಬಂದ ಜಲಶಾಸನವು ಈ ತತ್ತ್ವಗಳಿಗೆ ಕೈಕಾಲುಗಳನ್ನು ಕೊಟ್ಟಿತು.

ಅದರ ಕಾರ್ಯಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಕಾಲುವೆ ತೋಡಬೇಕೆಂದಿರುವವನು ಗುದ್ದಲಿ ಹಾಕುವುದಕ್ಕೆ ಮುಂಚೆ ಸಂಸ್ಥಾನ ಇಂಜಿನಿಯರಿಗೆ ಅರ್ಜಿಯನ್ನೂ ನಕ್ಷೆಯನ್ನೂ ಸಲ್ಲಿಸಬೇಕು. ಹೊಳೆಯಲ್ಲಿ ನೀರು ಮಿಕ್ಕಿದ್ದರೆ ಪರವಾನೆ ದೊರೆಯುತ್ತದೆ. ಆದರೆ ಪರವಾನೆಯೇ ಹಕ್ಕಲ್ಲ. ಕಾಲುವೆ ಮುಗಿದು, ನೀರು ಹೊಲಕ್ಕೆ ಹಾಯ್ದು, ಬೆಳೆ ಎದ್ದುದನ್ನು ಅಧಿಕಾರಿ ಬಂದು ನೋಡಿದ ಮೇಲೆ ಮಂಡಲಿಯು ಹಕ್ಕಿನ ಪತ್ರವನ್ನು ಕೊಡುತ್ತದೆ. ಪತ್ರದಲ್ಲಿ ಬರೆಯುವ ಪ್ರಮಾಣ ಅರ್ಜಿದಾರನು ಕೇಳಿದ್ದಲ್ಲ, ಸಾಗುವಳಿಯಾದ ಎಕರೆಗಳಿಗೆ ತಕ್ಕದ್ದು. 70 ಎಕರೆಗೆ ಸೆಕೆಂಡಿಗೆ ಒಂದು ಘನ ಅಡಿಗಿಂತ ಹೆಚ್ಚು ಯಾರಿಗೂ ಇಲ್ಲ. ಹಕ್ಕು ನೆಲಕ್ಕೆ ಅಂಟಿದುದಾಗಿರಬೇಕು. ನೆಲವನ್ನು ಬಿಟ್ಟು ನೀರನ್ನೊಂದನ್ನೇ ಮಾರುವಂತಿರಬಾರದು ಎಂಬುದು ಮೀಡನ ನಿಲುವು. ಇನ್ನು ಬೇಸಗೆಯಲ್ಲಿ ತೂಬುಗಳನ್ನು ಸರದಿಯ ಪ್ರಕಾರ ಮುಚ್ಚಿ ತೆರೆಯುವುದಕ್ಕೆ ಜಿಲ್ಲೆಜಿಲ್ಲೆಗೂ ಒಬ್ಬೊಬ್ಬ ಜಲಾಧಿಕಾರಿಯನ್ನು ನೇಮಿಸಿದರು. ನಮ್ಮ ಕೆರೆಗಳ ಅಚ್ಚುಕಟ್ಟಿನಲ್ಲಿ ಈ ಕೆಲಸವನ್ನು ಶತಮಾನಗಳಿಂದ ಮಾಡಿಕೊಂಡು ಬಂದವನು ನೀರಗಂಟಿ. ಆತನ ಅಧಿಕಾರಕ್ಕೆ ಊರಿನ ಕಟ್ಟುಪಾಡೇ ಬೆಂಬಲ. ನೆರೆಯವನು ಯಾರೆಂದು ತಿಳಿಯದ ಹೊಸ ನಾಡಿನಲ್ಲಿ ಅಂಥ ಕಟ್ಟುಪಾಡು ಇರಲಿಲ್ಲವಾದುದರಿಂದ ಮೀಡನು ಅದನ್ನು ರಾಜ್ಯಾಂಗದಲ್ಲಿಯೇ ಬರೆಯಬೇಕಾಯಿತು.

ಹಕ್ಕನ್ನು ತೀರ್ಮಾನಿಸುವ ಕೆಲಸವನ್ನು ನ್ಯಾಯಸ್ಥಾನದಿಂದ ತೆಗೆದು ಇಂಜಿನಿಯರುಗಳಿಗೆ ಕೊಡುವುದು ಸರಿಯೇ ಎಂದು ಆಕ್ಷೇಪಗಳು ಬಂದುವು. 1900ರಲ್ಲಿ ವಯೋಮಿಂಗಿನ ಶ್ರೇಷ್ಠ ನ್ಯಾಯಾಲಯವು ಮಂಡಲಿಯ ಅಧಿಕಾರವನ್ನು ಎತ್ತಿಹಿಡಿಯಿತು. ಆದರೆ ಅದೇ ನ್ಯಾಯಾಲಯ 1904ರಲ್ಲಿ ನೀರಿನ ಹಕ್ಕನ್ನು ನೆಲದಿಂದ ಬೇರ್ಪಡಿಸಿ ಮಾರಬಹುದೆಂದು ತೀರ್ಪಿತ್ತಿತು. ಶಾಸನಸಭೆ 1909ರಲ್ಲಿ ಕಾನೂನು ಮಾಡಿ ಅದನ್ನು ತಡೆಯಬೇಕಾಯಿತು. ಮೀಡನ ತತ್ತ್ವಗಳಲ್ಲಿ ಅತಿ ಹೆಚ್ಚು ವಿರೋಧಕ್ಕೆ ಗುರಿಯಾದುದು ಇದೇ ಎಂಬುದು ಆಶ್ಚರ್ಯವಲ್ಲ: ಮಾರಲಾಗದ ಸ್ವತ್ತು ಸ್ವತ್ತೇ ಅಲ್ಲವೆಂದು ಬಗೆಯುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ಇಲ್ಲಿ ಒಂದು ಪ್ರಾಸಂಗಿಕವಾದ ಮಾತು. ವಯೋಮಿಂಗಿನ ಶಾಸನವಾದ ಎರಡು ವರ್ಷಗಳಿಗೆ, 1892ರಲ್ಲಿ, ಮೈಸೂರಿಗೂ ಮದರಾಸಿಗೂ ಒಂದು ಒಪ್ಪಂದವಾಯಿತು. ಅದರಲ್ಲಿ ಹೆಸರಿಸಿದ ನದಿಗಳ ಮೇಲೆ ಮೈಸೂರು ಹೊಸ ಜಲಾಶಯಗಳನ್ನು ಕಟ್ಟಬೇಕಾದರೆ ಮದರಾಸಿನ ಸಮ್ಮತಿಯನ್ನು ಮೊದಲೇ ಪಡೆಯಬೇಕು. ರೂಢಿಯಿಂದ ಪ್ರಾಪ್ತವಾಗಿ ವಾಸ್ತವವಾಗಿ ಇರುವ ಹಕ್ಕಿನ ರಕ್ಷಣೆಗಾಗಿಯಲ್ಲದೆ ಮದರಾಸು ಸಮ್ಮತಿಯನ್ನು ನಿರಾಕರಿಸತಕ್ಕದ್ದಲ್ಲ. ವಾಸ್ತವವಾಗಿ ಇರುವ ಹಕ್ಕು ಎಷ್ಟು ಎಂಬುದನ್ನು ಅಳೆದು ಬರೆದಿಡುವ, ಉಭಯರಿಗೂ ಒಪ್ಪಿಗೆಯಾದ ದಫ್ತರ ಒಂದು ಇದ್ದಿದ್ದರೆ ಕನ್ನಂಬಾಡಿಯ ವಿಚಾರದಲ್ಲಿ 1924ರವರೆಗೆ ನಡೆದ ಪತ್ರವ್ಯವಹಾರ ಅಷ್ಟು ದೀರ್ಘವಾಗುತ್ತಿರಲಿಲ್ಲವೇನೋ.

ಮೀಡನು 1899ರಲ್ಲಿ ವಯೋಮಿಂಗನ್ನು ಬಿಟ್ಟು ಕೇಂದ್ರ ಕೃಷಿ ಇಲಾಖೆಯ ನೀರಾವರಿ ಸಂಶೋಧನೆಗಳ ಮುಖ್ಯಸ್ಥನಾದನು. ಎರಡು ವರ್ಷಗಳ ತರುವಾಯ ವಾಷಿಂಗ್ಟನ್ನಿನ ಬೀದಿಯಲ್ಲಿ ಟ್ರ್ಯಾಮ್ ಗಾಡಿಯ ಅಪಘಾತದಲ್ಲಿ ಬಲಗೈಯನ್ನು ಕಳೆದುಕೊಂಡನು; ಎಡಗೈಯಲ್ಲಿ ಬರೆಯುವುದನ್ನು ಕಲಿತು ಕೆಲಸವನ್ನು ಮುಂದುವರಿಸಿದನು. ನೀರಾವರಿಯ ಸಂಸ್ಥೆಗಳನ್ನು ಕುರಿತ ಆತನ ಗ್ರಂಥ 1903ರಲ್ಲಿ ಪ್ರಕಟವಾಯಿತು. ಕೇಂದ್ರ ಸರ್ಕಾರವೇ ಅಣೆಕಟ್ಟುಗಳನ್ನು ಕಟ್ಟುವ 1902ರ ಶಾಸನ ಆತನಿಗೆ ಹಿಡಿಸಿರಲಿಲ್ಲ. ನೀರಿನ ಆಡಳಿತ ಸಂಸ್ಥಾನಗಳಿಗೆ ಸೇರಿದುದೆಂಬುದು ಆತನ ಮತ. ಅದೇ ಶಾಸನದಿಂದ ಹುಟ್ಟಿದ ಇಲಾಖೆಗೆ ಆತನು ಮುಂದೆ ಮುಖ್ಯಸ್ಥನಾದುದು ಇತಿಹಾಸದ ವಿನೋದಗಳಲ್ಲೊಂದು.

ಆ ನಡುವೆ ಆಸ್ಟ್ರೇಲಿಯದಿಂದ ಕರೆ ಬಂದಿತು. 1907ರಿಂದ 1915ರವರೆಗೆ ಮೀಡನು ವಿಕ್ಟೋರಿಯ ಸಂಸ್ಥಾನದ ನದಿ ಮತ್ತು ನೀರು ಸರಬರಾಜು ಆಯೋಗದ ಅಧ್ಯಕ್ಷನಾಗಿದ್ದನು. ವಯೋಮಿಂಗಿನಲ್ಲಿ ಆತನು ಹೋರಾಡಿ ಪಡೆದುದು ಅಲ್ಲಿ ಆಗಲೇ ಸಿದ್ಧವಾಗಿತ್ತು: ನೀರಿನ ಬಳಕೆಯ ಹಕ್ಕು ಪ್ರಭುತ್ವಕ್ಕೆ ಸೇರಿದುದೆಂದು ಆಲ್ಫ್ರೆಡ್ ಡೀಕಿನ್ನನು 1886ರಲ್ಲಿಯೇ ಶಾಸನ ಮಾಡಿಸಿದ್ದನು. (ಈ ಡೀಕಿನ್ನನೇ ಮುಂದೆ ಭಾರತಕ್ಕೆ ಬಂದು ಇಲ್ಲಿನ ಕಾಲುವೆಗಳನ್ನು ನೋಡಿ 1893ರಲ್ಲಿ ಒಂದು ಪುಸ್ತಕ ಬರೆದವನು.) ಅಲ್ಲಿದ್ದ ತೊಡಕು ಬೇರೆ. ಕಾಲುವೆಗಳಿದ್ದುವು, ನೀರೂ ಇತ್ತು, ಕೊಳ್ಳುವವರಿಲ್ಲ. ವಿಶಾಲವಾದ ಕುರಿಗಾವಲುಗಳ ಒಡೆಯರು ಬರ ಬಂದಾಗ ಮಾತ್ರ ನೀರು ಕೇಳುತ್ತಿದ್ದರು. ಮಳೆಯಾದರೆ ಕಾಲುವೆಯ ಸಾಲ ತೀರುವಂತಿರಲಿಲ್ಲ. ಮೀಡನು ಎರಡು ಉಪಾಯಗಳನ್ನು ಹೂಡಿದನು. ಪ್ರತಿಯೊಂದು ಹಿಡುವಳಿಗೂ ಇಷ್ಟು ನೀರೆಂದು ಗೊತ್ತುಮಾಡಿ, ಬಳಸಲಿ ಬಿಡಲಿ ಅದರ ತೆರಿಗೆಯನ್ನು ಕೊಡಲೇಬೇಕೆಂದು 1909ರಲ್ಲಿ ಕಾನೂನಾಯಿತು. ದೊಡ್ಡ ಹಿಡುವಳಿಗಳನ್ನು ಸರ್ಕಾರವೇ ಕೊಂಡು ಸಣ್ಣ ಸಣ್ಣ ಜಮೀನುಗಳಾಗಿ ಒಡೆದು, ಮನೆ ಕಟ್ಟಿಸಿಕೊಟ್ಟು, ಸಾಲ ಕೊಟ್ಟು ಒಕ್ಕಲುಗಳನ್ನು ನೆಲೆಗೊಳಿಸತೊಡಗಿತು. ನೀರನ್ನು ಬರೆದಿಡುವ ಅಧಿಕಾರಿ ಈಗ ರೈತನನ್ನು ಆರಿಸುವ ಅಧಿಕಾರಿಯಾದನು.

ಅಮೆರಿಕಕ್ಕೆ ಹಿಂದಿರುಗಿ ಬರ್ಕ್ಲಿಯಲ್ಲಿ ಪ್ರಾಧ್ಯಾಪಕನಾದ ಮೀಡನು ಈ ಪ್ರಯೋಗವನ್ನೇ ಕ್ಯಾಲಿಫೋರ್ನಿಯದಲ್ಲಿ ಮಾಡಹೊರಟನು. ಸಂಸ್ಥಾನದ ಹಣದಿಂದ 1918ರಲ್ಲಿ ಡರಮ್ಮಿನಲ್ಲಿಯೂ 1920ರಲ್ಲಿ ಡೆಲ್ಹೈ ಎಂಬಲ್ಲಿಯೂ ಒಕ್ಕಲುಗಳು ನೆಲೆಗೊಂಡುವು. ಈ ಎರಡನೆಯ ಹೆಸರು ನಮ್ಮ ದೆಹಲಿಯದೇ. ಉಚ್ಚಾರ ಮಾತ್ರ ಅಲ್ಲಿಯದು. ಮೊದಲನೆಯದು ಹೇಗೋ ನಿಂತಿತು. ಎರಡನೆಯದರ ನೆಲ ಮರಳು. ಮಹಾಯುದ್ಧದ ತರುವಾಯ ಬೆಲೆಗಳು ಕುಸಿದುವು. ಒಕ್ಕಲುಗಳು ಸಾಲದಲ್ಲಿ ಮುಳುಗಿದರು. ಇದಕ್ಕಿಂತ ಗಂಭೀರವಾದ ದೋಷವೊಂದನ್ನು ಇಲ್ಲಿ ಹೇಳದೆ ಬಿಡಲಾಗದು. ಈ ನೆಲೆಗಳು ಬಿಳಿಯರಿಗಾಗಿಯೇ ಉದ್ದೇಶಿಸಿದುವಾಗಿದ್ದುವು. ಏಷ್ಯದಿಂದ ಬಂದ ಬೇಸಾಯಗಾರರ ಕೈಗೆ ನೆಲ ಹೋಗಬಾರದೆಂಬುದು ಮೀಡನ ವಾದದ ಒಂದು ಅಂಗ. 1913 ಮತ್ತು 1920ರ ಭೂಶಾಸನಗಳಿಂದ ಜಪಾನೀಯರೂ ಪಂಜಾಬಿನಿಂದ ಹೋದ ನಮ್ಮವರೂ ನೆಲವನ್ನು ತಮ್ಮ ಹೆಸರಿನಲ್ಲಿ ಹೊಂದಲಾರದೆ ತೊಳಲಿದುದು ಅದೇ ಸಂಸ್ಥಾನದಲ್ಲಿ, ಅದೇ ವರ್ಷಗಳಲ್ಲಿ.

1924ರಲ್ಲಿ ಮೀಡನು ಕೇಂದ್ರ ಸರ್ಕಾರದ ಭೂಸುಧಾರಣಾ ಕಮಿಷನರಾದನು. 1936ರ ಜನವರಿಯಲ್ಲಿ ಸಾಯುವವರೆಗೂ ಆ ಸ್ಥಾನದಲ್ಲಿದ್ದನು. 726 ಅಡಿ ಎತ್ತರದ ಹೂವರ್ ಅಣೆಕಟ್ಟು ಎದ್ದುದು ಆತನ ಕಾಲದಲ್ಲಿ. ಆ ವಿಚಾರ ಬೇಕಾದಷ್ಟು ಪುಸ್ತಕಗಳಲ್ಲಿದೆ. ನಮಗೆ ಪ್ರಸ್ತುತವಾದುದು ಅಣೆಕಟ್ಟಿನ ಹಿಂದಿನ ಲೆಕ್ಕ. 1922ರ ಕೊಲೊರಾಡೊ ನದಿಯ ಒಪ್ಪಂದ, ಇದು ಮೀಡನ ಕೃತಿಯಲ್ಲ, ಮೇಲಿನ ಮತ್ತು ಕೆಳಗಿನ ಕೊಳ್ಳಗಳಿಗೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿಯಂತೆ ಹಂಚಿತು. 1944ರಲ್ಲಿ ಮೆಕ್ಸಿಕೊ ದೇಶಕ್ಕೆ 15 ಲಕ್ಷ ಸೇರಿತು. ನದಿ ತುಂಬಿ ಹರಿದ ಕೆಲವು ವರ್ಷಗಳ ಅಳತೆಯ ಮೇಲೆ ನಿಂತ ಹಂಚಿಕೆ ಅದು. ದೀರ್ಘಕಾಲದ ಸರಾಸರಿ ಹರಿವು 150 ಲಕ್ಷವನ್ನೂ ಮುಟ್ಟುವುದಿಲ್ಲ. ಹೀಗೆ, ಕಾಗದದ ನೀರಿನ ವೈರಿಯ ಹೆಸರನ್ನು ಹೊತ್ತ ಸರೋವರವೇ ಕಾಗದದ ನೀರಿನ ಅತಿದೊಡ್ಡ ನಿದರ್ಶನವಾಯಿತು. 2021ರಲ್ಲಿ ಅಲ್ಲಿ ಮೊದಲ ಬಾರಿಗೆ ಅಧಿಕೃತವಾಗಿ ಕೊರತೆ ಘೋಷಿತವಾಯಿತು. 2022ರ ಬೇಸಗೆಯಲ್ಲಿ ನೀರಿನ ಮಟ್ಟ ಸರೋವರ ತುಂಬತೊಡಗಿದ ಕಾಲದಿಂದೀಚೆಗೆ ಅತ್ಯಂತ ಕೆಳಗಿಳಿಯಿತು.

ಮರಳಿ ವಯೋಮಿಂಗಿಗೆ ಬರೋಣ. ಮೀಡನ ದಾಖಲೆಯ ಪರೀಕ್ಷೆ ನಡೆದುದು ಅಲ್ಲಿ. ಸಂಸ್ಥಾನವು ಹುಟ್ಟುವುದಕ್ಕೆ 22 ವರ್ಷ ಮೊದಲೇ, 1868ರ ಕೌಲಿನಂತೆ, ಶೊಶೋನಿ ಎಂಬ ಆದಿನಿವಾಸಿಗಳಿಗೆ ವಿಂಡ್ ನದಿಯ ಸೀಮೆಯನ್ನು ಕಾದಿರಿಸಲಾಗಿತ್ತು. ಅರಾಪಹೊ ಜನರು ಅನಂತರ ಅಲ್ಲಿಗೆ ಬಂದು ಸೇರಿದರು. ಬೇಸಾಯ ಮಾಡಿಕೊಂಡು ನೆಲೆಗೊಳ್ಳಲಿ ಎಂಬುದು ಕೌಲಿನ ಆಶಯ. ಆದರೆ ಅವರು ಶಯೆನ್ನಿನ ದಫ್ತರಕ್ಕೆ ಅರ್ಜಿ ಹಾಕಿದವರಲ್ಲ, ನಕ್ಷೆ ಕೊಟ್ಟವರಲ್ಲ. ಮೊದಲು ಬಂದವರ ಹಕ್ಕು ಮೊದಲೆಂದು ಸಾರುವ ಪುಸ್ತಕದಲ್ಲಿ ಎಲ್ಲರಿಗಿಂತ ಮೊದಲಿದ್ದವರ ಹೆಸರೇ ಇರಲಿಲ್ಲ. 1905ರಲ್ಲಿ ಅವರ ನೆಲದ ಒಂದು ದೊಡ್ಡ ಭಾಗವನ್ನು ವಲಸೆಗಾರರಿಗೆ ತೆರೆದಾಗ, ಉಳಿದ ನೆಲಕ್ಕೂ ವಯೋಮಿಂಗಿನ ಕಾನೂನಿನಂತೆ ನೀರಿನ ಪರವಾನೆ ಪಡೆಯುವ ಏರ್ಪಾಡಾಯಿತು. ಎಂದರೆ ಅವರು ಸರದಿಯ ಕೊನೆಯಲ್ಲಿ ನಿಂತರು.

ಮಾಂಟಾನ ಸಂಸ್ಥಾನದ ಮಿಲ್ಕ್ ನದಿಯ ವ್ಯಾಜ್ಯವೊಂದರಲ್ಲಿ ಅಮೆರಿಕದ ಪರಮೋಚ್ಚ ನ್ಯಾಯಾಲಯವು 1908ರಲ್ಲಿ, ನೆಲವನ್ನು ಕಾದಿರಿಸಿದಾಗ ಅದಕ್ಕೆ ಬೇಕಾದ ನೀರನ್ನೂ ಕಾದಿರಿಸಿದಂತಾಯಿತೆಂದು ನಿರ್ಣಯಿಸಿತು. ವಯೋಮಿಂಗಿನಲ್ಲಿ ಅದು ಫಲಿಸಲು ಬಹುಕಾಲ ಹಿಡಿಯಿತು. 1977ರಲ್ಲಿ ಬಿಗ್ ಹಾರ್ನ್ ನದಿಯ ಎಲ್ಲ ಹಕ್ಕುಗಳ ವಿಚಾರಣೆ ಆರಂಭವಾಯಿತು. 37 ವರ್ಷ ನಡೆದು 2014ರಲ್ಲಿ ಮುಗಿಯಿತು. ಅದರ ನಡುವೆ, 1988ರಲ್ಲಿ, ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು ಆದಿನಿವಾಸಿಗಳಿಗೆ ವರ್ಷಕ್ಕೆ ಸುಮಾರು 5 ಲಕ್ಷ ಎಕರೆ-ಅಡಿ ನೀರು ಸಲ್ಲತಕ್ಕದ್ದೆಂದೂ ಅದರ ದಿನಾಂಕ 1868 ಎಂದೂ ತೀರ್ಪಿತ್ತಿತು. ಪರಮೋಚ್ಚ ನ್ಯಾಯಾಲಯದಲ್ಲಿ ಮತಗಳು ಸಮವಾಗಿ ಒಡೆದುದರಿಂದ 1989ರಲ್ಲಿ ಅದೇ ಸ್ಥಿರವಾಯಿತು.

ಹಕ್ಕು ಕೈಗೆ ಬಂದ ಮೇಲೆ ಆ ಜನರು ಮಾಡಹೊರಟುದು ಗಮನಾರ್ಹವಾಗಿದೆ. ಬೇಸಗೆಯಲ್ಲಿ ಕಾಲುವೆಗಳು ಹೀರಿ ಬತ್ತಿಸುತ್ತಿದ್ದ ವಿಂಡ್ ನದಿಯಲ್ಲಿ, ಮೀನುಗಳು ಬದುಕಲೆಂದು, ತಮ್ಮ ನೀರಿನ ಒಂದು ಪಾಲನ್ನು ಹೊಳೆಯಲ್ಲಿಯೇ ಹರಿಯಬಿಡಬೇಕೆಂದು 1990ರಲ್ಲಿ ತಮ್ಮದೇ ಪರವಾನೆಯನ್ನು ಹೊರಡಿಸಿದರು. ಮೀಡನ ಕಾಲದ ಶಾಸನದಲ್ಲಿ ಬಳಕೆಯೆಂದರೆ ನೀರನ್ನು ಹೊಳೆಯಿಂದ ಹೊರಕ್ಕೆ ತಿರುಗಿಸುವುದು. ಹೊಳೆಯಲ್ಲಿ ಹರಿದುಹೋದ ನೀರು ವ್ಯರ್ಥವಾದ ನೀರು. ಹರಿವಿಗೂ ಹಕ್ಕುಂಟೆಂದು ವಯೋಮಿಂಗ್ ಒಪ್ಪಿದುದು 1986ರಲ್ಲಿ. ಆಗಲೂ ಅಂಥ ಹಕ್ಕು ಸಂಸ್ಥಾನಕ್ಕೆ ಮಾತ್ರ. ಮೇಲಿನ ಬೇಸಾಯಗಾರರ ತೂಬುಗಳನ್ನು ಮುಚ್ಚಿಸಿ ಆ ಪರವಾನೆಯನ್ನು ಜಾರಿಗೆ ತರಲು ಸಂಸ್ಥಾನ ಇಂಜಿನಿಯರು ಒಪ್ಪಲಿಲ್ಲ. 1992ರಲ್ಲಿ ವಯೋಮಿಂಗಿನ ಶ್ರೇಷ್ಠ ನ್ಯಾಯಾಲಯವು, ಬೇಸಾಯಕ್ಕೆಂದು ಸಂದ ಆ ನೀರನ್ನು ಸಂಸ್ಥಾನದ ಕಾನೂನನ್ನು ಅನುಸರಿಸದೆ ಮೀನುಗಳಿಗೆಂದು ಹೊಳೆಯಲ್ಲಿ ಬಿಡಲಾಗದೆಂದೂ, ಹಕ್ಕುಗಳ ಮೇಲ್ವಿಚಾರಣೆ ಸಂಸ್ಥಾನ ಇಂಜಿನಿಯರಿಗೇ ಸೇರಿದುದೆಂದೂ ತೀರ್ಪು ಕೊಟ್ಟಿತು.