ತಳ್ಳುವ ಮೊದಲು ಅಳೆಯುವುದು: ಹೊಕ್ಕುಳ ಕ್ಯಾತಿಟರ್‌ನ ಚರಿತ್ರೆ

1925ರಲ್ಲಿ ಟೊರಾಂಟೊದ ಎ. ಪಿ. ಹಾರ್ಟ್ ತೀವ್ರ ಕಾಮಾಲೆಯಿದ್ದ ನವಜಾತ ಶಿಶುವಿನ ರಕ್ತವನ್ನು ಬದಲಾಯಿಸಿದರು. ಅದಕ್ಕಾಗಿ ನೆತ್ತಿಯ ಮೆದುಭಾಗದಲ್ಲಿ ಸೂಜಿ ಚುಚ್ಚಿ ರಕ್ತ ತೆಗೆದು, ಕಾಲಿನ ರಕ್ತನಾಳಕ್ಕೆ ಹೊಸ ರಕ್ತ ಹರಿಸಬೇಕಾಯಿತು. ಹುಟ್ಟಿದ ಮಗುವಿನ ಹೊಕ್ಕುಳಲ್ಲೇ ತೆರೆದಿರುವ ದಾರಿಯನ್ನು ವೈದ್ಯರು ವ್ಯವಸ್ಥಿತವಾಗಿ ಬಳಸಿದ್ದು 1940ರ ದಶಕದ ಕೊನೆಯಲ್ಲಿ. ಬಾಸ್ಟನ್ನಿನ ಲೂಯಿಸ್ ಡೈಮಂಡ್ ಆಗ ಹೊಕ್ಕುಳ ಅಭಿಧಮನಿಯೊಳಗೆ ಬಾಗುವ ಪ್ಲಾಸ್ಟಿಕ್ ಕೊಳವೆ (ಕ್ಯಾತಿಟರ್) ಇಳಿಸಿದರು. ಮುಂದಿನ ದಶಕದಲ್ಲಿ ನ್ಯೂಯಾರ್ಕಿನ ವರ್ಜೀನಿಯಾ ಅಪ್ಗಾರ್ ಮತ್ತು ಸಂಗಡಿಗರು ಹೊಕ್ಕುಳ ಅಪಧಮನಿಯನ್ನೂ ತಲುಪಿದರು.

ಈ ಚಿಕಿತ್ಸೆ ಮೃದುವಾದದ್ದು ಕೈಚಳಕದಿಂದ ಮಾತ್ರವಲ್ಲ, ಅಳತೆಯಿಂದ ಎಂಬುದು ನನ್ನ ವಾದ. ಕೊಳವೆ ಎಷ್ಟು ದೂರ ಹೋಗಬೇಕೆಂದು ತಿಳಿಯದಿದ್ದರೆ ಮತ್ತೆ ಮತ್ತೆ ತಳ್ಳಿ ಎಳೆಯಬೇಕಾಗುತ್ತದೆ. ತುದಿ ಯಕೃತ್ತಿನಲ್ಲಿ ಸಿಕ್ಕಿದರೆ ಅಲ್ಲಿನ ಅಂಗಾಂಶಕ್ಕೆ ಹಾನಿ. ಹೃದಯದೊಳಗೆ ನುಗ್ಗಿದರೆ ಅದರ ಸುತ್ತಲ ಪೊರೆಯಲ್ಲಿ ದ್ರವ ತುಂಬಿ ಜೀವಕ್ಕೇ ಸಂಚಕಾರ. 1966ರಲ್ಲಿ ಪೀಟರ್ ಡನ್ ಪ್ರಕಟಿಸಿದ ಕೋಷ್ಟಕ ಭುಜದಿಂದ ಹೊಕ್ಕುಳವರೆಗಿನ ಅಂತರದ ಮೇಲೆ ನಿಂತಿತ್ತು. ಆ ಅಳತೆಗಳು ಬಂದದ್ದು ತೀರಿಹೋದ ಶಿಶುಗಳ ಮರಣೋತ್ತರ ಪರೀಕ್ಷೆಯಿಂದ. ಬದುಕಿದ ಅಸಂಖ್ಯ ಮಕ್ಕಳು ಆ ಶಿಶುಗಳಿಗೆ ಋಣಿ. 1986ರಲ್ಲಿ ಶುಕ್ಲಾ ಮತ್ತು ಫೆರಾರಾ ತೂಕದ ಲೆಕ್ಕ ಕೊಟ್ಟರು: ಕಿಲೋ ತೂಕದ ಮೂರರಷ್ಟಕ್ಕೆ ಒಂಬತ್ತು ಕೂಡಿಸಿದರೆ ಅಪಧಮನಿಯ ಸೆಂಟಿಮೀಟರು, ಅದರ ಅರ್ಧಕ್ಕೆ ಒಂದು ಸೇರಿಸಿದರೆ ಅಭಿಧಮನಿಯದು. ಒಂದು ಕಿಲೋ ಕೂಸಿಗೆ 12 ಮತ್ತು 7. ಬಾಯಲ್ಲೇ ಮಾಡಬಹುದಾದ ಲೆಕ್ಕ, ಆದರೆ ತೀರಾ ಸಣ್ಣ ಶಿಶುಗಳಲ್ಲಿ ಆಗಾಗ ತಪ್ಪುತ್ತದೆ.

ಕೈಯ ಕೆಲಸವೂ ಬದಲಾಯಿತು. ಕತ್ತರಿಸಿದ ಹೊಕ್ಕುಳಬಳ್ಳಿಯಲ್ಲಿ ಅಗಲವಾದ, ತೆಳುಗೋಡೆಯ ಅಭಿಧಮನಿ ಸುಲಭವಾಗಿ ಕಾಣುತ್ತದೆ. ದಪ್ಪಗೋಡೆಯ ಎರಡು ಅಪಧಮನಿಗಳು ಮುದುರಿಕೊಂಡಿರುತ್ತವೆ. ಬಾಗಿದ ಸಣ್ಣ ಫೋರ್ಸೆಪ್ಸಿನ ಮುಚ್ಚಿದ ತುದಿಯನ್ನು ಅಪಧಮನಿಯ ಬಾಯಿಗೆ ಇಟ್ಟು ನಿಧಾನ ಬಿಡಿಸಬೇಕು. ನಾಳ ಸಡಿಲಾಗುವವರೆಗೆ ಕಾಯಬೇಕು. ಆಮೇಲೆ ಸಲೈನ್ ತುಂಬಿದ 3.5 ಫ್ರೆಂಚ್ ಅಳತೆಯ ಕೊಳವೆ. ಒಳಗೆ ತಡೆ ಸಿಕ್ಕಿದಲ್ಲಿ ಚುಚ್ಚುವಂತಿಲ್ಲ; ಹಗುರವಾದ ಒತ್ತಡ ಹಿಡಿದು ಅರ್ಧ ನಿಮಿಷ ನಿಲ್ಲಬೇಕು. ಬಲ ಹಾಕಿದರೆ ನಾಳದ ಪದರುಗಳ ನಡುವೆ ಸುಳ್ಳುದಾರಿ ಬೀಳುತ್ತದೆ. ಅಭಿಧಮನಿಯ ಕೊಳವೆ ಯಕೃತ್ತಿನ ಕಡೆ ತಿರುಗಿದರೆ ಅದನ್ನು ಅಲ್ಲೇ ಬಿಟ್ಟು, ಪಕ್ಕದಲ್ಲಿ ಎರಡನೆಯದನ್ನು ಇಳಿಸುವ ಉಪಾಯವಿದೆ. ಮೊದಲನೆಯದು ತಪ್ಪುದಾರಿಯನ್ನು ಮುಚ್ಚಿಟ್ಟಿರುವುದರಿಂದ ಎರಡನೆಯದು ಸರಿದಾರಿ ಹಿಡಿಯುವ ಸಾಧ್ಯತೆ ಹೆಚ್ಚು. ಇದು ನನಗೆ ತುಂಬ ಮೆಚ್ಚಿಗೆಯಾದ ಜಾಣತನ.

ಅಪಧಮನಿಯ ಕೊಳವೆಯ ತುದಿ ಎದೆಯ ಆರರಿಂದ ಒಂಬತ್ತನೆಯ ಕಶೇರುಕದ ಎತ್ತರದಲ್ಲಿರಬೇಕೆಂಬ ಒಲವು ಈಗ ಬಲವಾಗಿದೆ. ಕೆಳಗಿಟ್ಟಾಗ ಕಾಲುಬೆರಳು ಬಿಳಚುವ, ನೀಲಿಗಟ್ಟುವ ತೊಂದರೆ ಹೆಚ್ಚು. ಎಕ್ಸ್‌ರೇಯಲ್ಲಿ ತುದಿ ಕಾಣುವುದು ಕೊಳವೆ ಹಾಕಿಯಾದ ಮೇಲೆ. ಅಲ್ಟ್ರಾಸೌಂಡ್ ಅದನ್ನು ಕೊಳವೆ ಹಾಕುವಾಗಲೇ ತೋರಿಸುತ್ತದೆ, ಹಾಗಾಗಿ ಮಗುವನ್ನು ಮತ್ತೆ ಮತ್ತೆ ಅಲುಗಿಸುವುದು ತಪ್ಪುತ್ತದೆ. ಹೊಟ್ಟೆ ಉಬ್ಬಿ ಇಳಿದರೂ ತುದಿ ಸರಿಯಬಲ್ಲದು. ಆದ್ದರಿಂದ ಮೊದಲ ದಿನ ಸರಿಯಿದ್ದ ಕೊಳವೆಯನ್ನೂ ಮುಂದಿನ ದಿನಗಳಲ್ಲಿ ಮತ್ತೆ ನೋಡಬೇಕಾಗುತ್ತದೆ.