ವಾಯುಗುಣ ಮತ್ತು ಜನಜೀವನ (ಪರೀಕ್ಷಾ ಉತ್ತರ ರಚನೆ)

ಹವಾಮಾನ ಮತ್ತು ವಾಯುಗುಣಗಳು ಜನಜೀವನದ ಮೇಲೆ ಬೀರುವ ಪರಿಣಾಮವು ಪ್ರೌಢಶಾಲೆಯಿಂದ ಸ್ಪರ್ಧಾತ್ಮಕ ಪರೀಕ್ಷೆಗಳವರೆಗೆ ಭೂಗೋಳಶಾಸ್ತ್ರದಲ್ಲಿ ಕೇಳಲಾಗುವ ದೀರ್ಘ ಉತ್ತರದ ವಿಷಯವಾಗಿದೆ. ಮಳೆ, ಉಷ್ಣಾಂಶ, ಗಾಳಿಗಳಿಂದ ಆರಂಭಿಸಿ ಬೆಳೆ, ವಸತಿ, ಉದ್ಯೋಗ ಮತ್ತು ವಲಸೆಯವರೆಗಿನ ಕಾರ್ಯಕಾರಣ ಸಂಬಂಧವನ್ನು ಹಂತಹಂತವಾಗಿ ತೋರಿಸುವುದು ಇಂತಹ ಉತ್ತರದ ಮುಖ್ಯ ಲಕ್ಷಣ. ಪರಿಣಾಮಗಳ ಬರಿಯ ಪಟ್ಟಿಯು ಉತ್ತರವೆನಿಸುವುದಿಲ್ಲ.

ಪದಗಳ ವ್ಯತ್ಯಾಸ

ವಾತಾವರಣದ ಅಲ್ಪಕಾಲದ ಸ್ಥಿತಿಯನ್ನು ಹವಾಮಾನವೆಂದೂ ದೀರ್ಘಕಾಲದ ಸರಾಸರಿ ಸ್ಥಿತಿಯನ್ನು ವಾಯುಗುಣವೆಂದೂ ಕರೆಯುತ್ತಾರೆ. ವಿಶ್ವ ಹವಾಮಾನ ಸಂಸ್ಥೆಯು ಈ ಸರಾಸರಿಗೆ 30 ವರ್ಷಗಳ ಅವಧಿಯನ್ನು ಬಳಸುತ್ತದೆ. ಪತ್ರಿಕೆಗಳಲ್ಲಿ ‘ಹವಾಮಾನ ಬದಲಾವಣೆ’ ಎಂಬ ಪ್ರಯೋಗವೇ ರೂಢಿಯಲ್ಲಿರುವುದರಿಂದ ವಿದ್ಯಾರ್ಥಿಗಳು ಎರಡನ್ನೂ ಒಂದೆಂದು ಭಾವಿಸುವುದುಂಟು.

ನಿದರ್ಶನ: ಆಗುಂಬೆ ಮತ್ತು ಚಳ್ಳಕೆರೆ

ಕರ್ನಾಟಕದ ವಿದ್ಯಾರ್ಥಿಗೆ ಸಮೀಪದ ನಿದರ್ಶನವೆಂದರೆ ಪಶ್ಚಿಮ ಘಟ್ಟಗಳ ಎರಡು ಬದಿಗಳು. ಅರಬ್ಬಿ ಸಮುದ್ರದಿಂದ ಬೀಸುವ ತೇವಭರಿತ ನೈಋತ್ಯ ಮಾರುತಗಳು ಘಟ್ಟಗಳಿಗೆ ತಡೆದು, ಮೇಲೇರಿ, ತಂಪಾಗಿ ಮಳೆ ಸುರಿಸುತ್ತವೆ. ಘಟ್ಟವನ್ನು ದಾಟಿ ಇಳಿಯುವಾಗ ಅವು ಬಿಸಿಯಾಗಿ ಒಣಗುತ್ತವೆ. ಹೀಗಾಗಿ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾದರೆ, ಮಳೆನೆರಳಿನ ಚಳ್ಳಕೆರೆಯಲ್ಲಿ ಸುಮಾರು 500 ಮಿ.ಮೀ. ಮಾತ್ರ.

ಮಲೆನಾಡಿನಲ್ಲಿ ನೀರು ಬೇಗ ಇಳಿದುಹೋಗಲು ಕಡಿದಾದ ಹೆಂಚಿನ ಮಾಡುಗಳಿವೆ. ಅಡಿಕೆ ಮುಖ್ಯ ಬೆಳೆ. ಆದರೆ ತೋಟಕ್ಕೆ ಆಧಾರವಾದ ಮಳೆಯೇ ಎಡೆಬಿಡದೆ ಸುರಿದಾಗ ಕೊಳೆರೋಗ ಹರಡುತ್ತದೆ. ಅದನ್ನು ತಡೆಯಲು ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. ಸಿಂಪಡಣೆಗೆ ಮಳೆ ಬಿಡುವು ಕೊಡಬೇಕು. ವಾಯುಗುಣವು ಬೆಳೆಯನ್ನು ಒದಗಿಸಿದರೂ ಆ ವರ್ಷದ ಫಸಲು ಕೆಲವೇ ದಿನಗಳ ಹವಾಮಾನವನ್ನು ಅವಲಂಬಿಸಿರುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಚಳ್ಳಕೆರೆಯ ಕಡೆ ಶೇಂಗಾ, ರಾಗಿ ಮತ್ತು ಕುರಿಸಾಕಣೆ ಪ್ರಧಾನ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬಯಲುಸೀಮೆಯ ಕೂಲಿ ಕುಟುಂಬಗಳು ಗುಳೆ ಹೋಗುತ್ತವೆ. ಇದರಿಂದ ಮಕ್ಕಳ ಶಾಲೆಯೂ ತಪ್ಪುವುದರಿಂದ, ಮಳೆಯ ಕೊರತೆಯ ಪರಿಣಾಮವನ್ನು ಬೆಳೆನಷ್ಟಕ್ಕೇ ನಿಲ್ಲಿಸಿದ ಉತ್ತರವು ಅಪೂರ್ಣವಾಗುತ್ತದೆ.

2009ರ ನೆರೆ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದ ಒಣ ಜಿಲ್ಲೆಗಳಲ್ಲಿ ಭಾರಿ ಮಳೆ ಸುರಿದು 200ಕ್ಕೂ ಹೆಚ್ಚು ಜನ ಮೃತಪಟ್ಟರು. ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆಯ ಮನೆಗಳು ಬಿಸಿಲಿನ ಸೀಮೆಗೆ ತಕ್ಕವೇ. ಆದರೆ ಸತತ ಮಳೆಗೆ ನೆನೆದು ಅಪಾರ ಸಂಖ್ಯೆಯಲ್ಲಿ ಕುಸಿದವು. ಇದನ್ನು ಆ ಪ್ರದೇಶದ ವಾಯುಗುಣವೆಂದು ಬರೆಯುವುದು ತಪ್ಪು. ವಾಯುಗುಣಕ್ಕೆ ಹೊಂದಿಕೊಂಡ ವಸತಿಯನ್ನು ಅಸಾಧಾರಣ ಹವಾಮಾನವು ಕೆಡವಿತು ಎನ್ನುವುದು ಸರಿಯಾದ ವಿಶ್ಲೇಷಣೆ.

ಪ್ರಶ್ನೆಯ ಕ್ರಿಯಾಪದ ಮತ್ತು ಉತ್ತರದ ಮಿತಿ

‘ಕಾರಣ ಕೊಡಿ’ ಎಂಬ ಪ್ರಶ್ನೆಗೆ ಮಾರುತಗಳ ವಿವರಣೆ ಸಾಕು. ‘ವಿವರಿಸಿ’ ಎಂದಾಗ ಪರಿಣಾಮಗಳೂ ಸ್ಥಳದ ಹೆಸರುಗಳೂ ಬೇಕು. ‘ವಿಮರ್ಶಿಸಿ’ ಎಂದಿದ್ದರೆ ವಾಯುಗುಣವೊಂದೇ ಕಾರಣವೇ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ. ಅಮೆರಿಕದ ಭೂಗೋಳತಜ್ಞ ಎಲ್ಸ್‌ವರ್ತ್ ಹಂಟಿಂಗ್ಟನ್ 1915ರಲ್ಲಿ ನಾಗರಿಕತೆಗಳ ಏಳುಬೀಳುಗಳನ್ನೇ ವಾಯುಗುಣಕ್ಕೆ ಕಟ್ಟಿಹಾಕಿದನು. ಈ ಪರಿಸರ ನಿಯತಿವಾದವನ್ನು ನಂತರದ ವಿದ್ವಾಂಸರು ಬಹುಮಟ್ಟಿಗೆ ತಿರಸ್ಕರಿಸಿದರು. ಮಂಡ್ಯದ ಉದಾಹರಣೆಯೂ ಅದನ್ನು ಒಪ್ಪುವುದಿಲ್ಲ: ಕೃಷ್ಣರಾಜಸಾಗರದ ಕಾಲುವೆಗಳು ಬಂದ ಮೇಲೆ, ಮಳೆಯ ಪ್ರಮಾಣ ಬದಲಾಗದಿದ್ದರೂ, ಅಲ್ಲಿನ ಒಣಭೂಮಿಯಲ್ಲಿ ಭತ್ತ ಮತ್ತು ಕಬ್ಬು ಬೆಳೆಯತೊಡಗಿದವು.